ಹಾರುವ ಹಕ್ಕಿಯ ಚಿತ್ರ ಮಸುಕಾಗುತ್ತಿದ್ದುದು ಸರಿಹೋದ ಬಗೆ

ಛಾಯಾಗ್ರಹಣದ ಹವ್ಯಾಸ ನನಗೆ ಹತ್ತಿದ್ದೇ ಹಕ್ಕಿಗಳಿಂದ. ಕುಳಿತ ಹಕ್ಕಿ ಸ್ಪಷ್ಟವಾಗಿ ಬರುತ್ತಿತ್ತು. ಹಾರಿದರೆ ರೆಕ್ಕೆ, ಕಣ್ಣು ಎರಡೂ ಮಸುಕು, ಹಿಂದಿನ ಎಲೆಗಳು ಮಾತ್ರ ನಿಚ್ಚಳ.

ಟ್ರೈಪಾಡ್‌ನಿಂದ ಫಲವಾಗಲಿಲ್ಲ. ಅದು ಕೈಯ ನಡುಕವನ್ನು ತಡೆಯುತ್ತದೆ, ಹಕ್ಕಿಯ ಚಲನೆಯನ್ನಲ್ಲ. ಕಂಪ್ಯೂಟರಿನಲ್ಲಿ ಶಾರ್ಪ್‌ನೆಸ್ ಏರಿಸಿದರೆ ಚಿತ್ರವೆಲ್ಲ ಕಾಳುಕಾಳು. ಚಲಿಸುವುದನ್ನು ಸೆರೆಹಿಡಿಯಲೆಂದೇ ಕ್ಯಾಮೆರಾದಲ್ಲಿರುವ ಸ್ಪೋರ್ಟ್ಸ್ ಮೋಡ್ ತುಸು ನೆರವಾಯಿತು, ಆದರೆ ಮೋಡ ಕವಿದಾಗ ಶಟರ್ ವೇಗ, ಅಂದರೆ ಬೆಳಕನ್ನು ಒಳಬಿಡುವ ಪರದೆ ತೆರೆದು ಮುಚ್ಚುವ ವೇಗ, ತಾನಾಗಿಯೇ ಇಳಿಯುತ್ತಿತ್ತು.

ಕೆಲಸ ಮಾಡಿದ್ದು ಈ ಕ್ರಮ. ಮೊದಲು ಮ್ಯಾನುಯಲ್ ಮೋಡ್ (ಹೊಂದಾಣಿಕೆ ನಮ್ಮ ಕೈಯಲ್ಲೇ), ಶಟರ್ 1/2000 ಸೆಕೆಂಡ್. ತೇಲುವ ಹದ್ದಿಗೆ 1/1250 ಸಾಕು, ಮಿಂಚುಳ್ಳಿಗೆ 1/3200 ಬೇಕು. ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) ಲೆನ್ಸ್ ತೆರೆಯುವಷ್ಟು ಅಗಲ; ನನ್ನದರಲ್ಲಿ ಎಫ್/5.6. ಐಎಸ್‌ಒ ಆಟೊ, ಮೇಲ್ಮಿತಿ 6400; ಇದು ಬೆಳಕಿಗೆ ಕ್ಯಾಮೆರಾದ ಸಂವೇದನೆ, ಏರಿದಷ್ಟೂ ಚಿತ್ರ ಕಾಳುಕಾಳು. ಕಾಳುಕಾಳಾದ ಚಿತ್ರವನ್ನು ಆಮೇಲೆ ತಿದ್ದಬಹುದು, ಮಸುಕಾದುದನ್ನು ತಂತ್ರಾಂಶದಿಂದ ಪೂರ್ತಿ ಉಳಿಸುವುದು ಕಷ್ಟ.

ಎಲ್ಲಕ್ಕಿಂತ ಮುಖ್ಯವಾದದ್ದು ಫೋಕಸ್. ಒಮ್ಮೆಗೇ ಲಾಕ್ ಆಗುವ ಬಗೆಯನ್ನು ಬಿಟ್ಟು ನಿರಂತರ ಫೋಕಸ್ ಆರಿಸಿ, ಒಂದೇ ಫೋಕಸ್ ಬಿಂದುವಿನ ಬದಲು ನಡುವಿನ ಬಿಂದುಗಳ ಗುಂಪನ್ನು ಇಟ್ಟುಕೊಳ್ಳಬೇಕು. ಬಳಿಕ ಮೆನುವಿನಲ್ಲಿ ಶಟರ್ ಗುಂಡಿಯಿಂದ ಫೋಕಸ್ ಕೆಲಸವನ್ನು ತೆಗೆದು, ಹಿಂಬದಿಯ ಎಎಫ್-ಆನ್ ಗುಂಡಿಗೆ ಕೊಡಬೇಕು. ಹಕ್ಕಿ ದೂರವಿರುವಾಗಲೇ ಆ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕ್ಯಾಮೆರಾವನ್ನು ಹಕ್ಕಿಯೊಂದಿಗೆ ತಿರುಗಿಸುತ್ತಾ ಹೋಗಬೇಕು. ಹತ್ತಿರ ಬಂದಾಗ ಮಾತ್ರ ಶಟರ್. ನಡುವೆ ಕೊಂಬೆ ಅಡ್ಡ ಬಂದರೆ ಹೆಬ್ಬೆರಳನ್ನು ಎತ್ತಿದರೆ ಸಾಕು, ಫೋಕಸ್ ಇದ್ದಲ್ಲೇ ನಿಲ್ಲುತ್ತದೆ.