ಮ್ಯೂಸಿಯಂನ ಕತ್ತಲೆ ಕೋಣೆಗೆ ಹೊಕ್ಕುವ ಮುನ್ನ

ಲಂಡನ್‌ನ ಟೇಟ್ ಮಾಡರ್ನ್‌ನಂಥ ಸಮಕಾಲೀನ ಕಲಾ ಮ್ಯೂಸಿಯಂಗೆ ಹೋದರೆ, ವಿಡಿಯೋ ಕಲಾಕೃತಿ ತೋರಿಸುವ ಕತ್ತಲೆ ಕೋಣೆಗೆ ನುಗ್ಗುವ ಮೊದಲು ಬಾಗಿಲ ಪಕ್ಕದ ಫಲಕದಲ್ಲಿ ಅವಧಿ ಎಷ್ಟಿದೆ ನೋಡಿ. ಆರೇಳು ನಿಮಿಷದ್ದಾದರೆ ಒಳಗೆ ಕೂತು, ಶೀರ್ಷಿಕೆ ಮತ್ತೆ ಬರುವವರೆಗೆ ಕಾದು, ಅಲ್ಲಿಂದ ಪೂರ್ತಿ ನೋಡಿ. ನಲವತ್ತರದ್ದಾದರೆ ಉಳಿದ ಕೋಣೆಗಳನ್ನು ಮುಗಿಸಿ ಬನ್ನಿ. ಈ ವಿಡಿಯೋಗಳು ಸಾಮಾನ್ಯವಾಗಿ ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಬಿಡುವಿಲ್ಲದೆ ಓಡುತ್ತಿರುತ್ತವೆ, ಸಿನಿಮಾದ ಹಾಗೆ ಶೋ ಟೈಮ್ ಇರಲ್ಲ. ನಡುವೆ ಹೊಕ್ಕು ಎರಡೇ ನಿಮಿಷಕ್ಕೆ ಎದ್ದು ಬಂದು ‘ಏನೂ ಅರ್ಥ ಆಗಲಿಲ್ಲ’ ಅನ್ನುವವರೇ ಜಾಸ್ತಿ. (ಕಾಯುವಷ್ಟರಲ್ಲಿ ಕಣ್ಣೂ ಕತ್ತಲೆಗೆ ಹೊಂದಿಕೊಳ್ಳುತ್ತೆ.) ಆದರೆ ಆದಿ-ಅಂತ್ಯವೇ ಇಲ್ಲದ ಕೃತಿಗಳಿಗೆ ಇದು ನಡೆಯಲ್ಲ: ಕಲಾವಿದ ಕ್ರಿಶ್ಚಿಯನ್ ಮಾರ್ಕ್ಲೇ ಅವರು ಗಡಿಯಾರ ಕಾಣುವ ಸಿನಿಮಾ ತುಣುಕುಗಳನ್ನು ಜೋಡಿಸಿ ಮಾಡಿದ ‘ದಿ ಕ್ಲಾಕ್’ (2010) 24 ಗಂಟೆಯದು, ತೆರೆಯ ಮೇಲಿನ ಗಡಿಯಾರಗಳು ತೋರಿಸುವುದು ನಿಮ್ಮ ಕೈಗಡಿಯಾರದ್ದೇ ಸಮಯ. ಅಂಥದ್ದಕ್ಕೆ ಯಾವಾಗ ಹೋದರೂ ಸರಿ.