ಘಟ್ಟದ ಮೇಲೂ ಕಡಲ ಬದಿಯಲ್ಲೂ ಶ್ರವಣ ಸಾಧನ ಕೊಡುವವರ ವೃತ್ತಿಧರ್ಮ: ಒಂದು ಮಾರ್ಗದರ್ಶಿ

ಸಿದ್ದಾಪುರದ ಒಳಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಶಿರಸಿಗೆ ಬಂದ ಹಿರಿಯರೊಬ್ಬರಿಗೆ, ನೀವು ಹೇಳಿದ್ದು ಸರಿಯೋ ತಪ್ಪೋ ಎಂದು ಇನ್ನೊಂದು ಕಡೆ ಕೇಳಿ ನೋಡುವ ಅನುಕೂಲ ಇರುವುದಿಲ್ಲ. ದೊಡ್ಡ ನಗರದಲ್ಲಿ ಒಂದು ಕೇಂದ್ರದ ಮಾತು ಸರಿಬರದಿದ್ದರೆ ಅದೇ ಸಂಜೆ ಇನ್ನೊಂದಕ್ಕೆ ಹೋಗಬಹುದು. ಜೋಯಿಡಾದ ಕಾಡಂಚಿನವರಿಗೆ, ಅಂಕೋಲೆಯ ಹಾಲಕ್ಕಿ ಕೊಪ್ಪದ ವೃದ್ಧೆಗೆ ಆ ದಾರಿ ಇಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತೂ ಒಂದು ರಾತ್ರಿಯ ಪ್ರಯಾಣದಾಚೆಗಿನ ಮಾತು. ಹೀಗಾಗಿ ಬೇರೆಡೆ ಪೈಪೋಟಿಯೇ ಹಾಕುವ ಕಡಿವಾಣವನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಮಗೆ ನಾವೇ ಹಾಕಿಕೊಳ್ಳಬೇಕಾಗುತ್ತದೆ. ಹೊಸದಾಗಿ ಇಲ್ಲಿ ಕೇಂದ್ರ ತೆರೆಯುವ ಆಡಿಯೋಲಾಜಿಸ್ಟರು (ಶ್ರವಣ ತಜ್ಞರು) ಅದನ್ನು ದಿನದ ಕೆಲಸದಲ್ಲಿ ಹೇಗೆ ಹಾಕಿಕೊಳ್ಳಬಹುದು ಎಂಬುದನ್ನು ಕೆಳಗೆ ಬರೆದಿದ್ದೇನೆ.

ಮೊದಲು ಬಾಗಿಲಿನ ಫಲಕವನ್ನು ಸರಿಪಡಿಸಿಕೊಳ್ಳಿ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯ 13ನೆಯ ಕಲಮಿನ ಪ್ರಕಾರ, ಮಾನ್ಯತೆ ಪಡೆದ ಅರ್ಹತೆಯಿದ್ದು ಪರಿಷತ್ತಿನ ನೋಂದಣಿ ಪುಸ್ತಕದಲ್ಲಿ ಹೆಸರಿರುವವರು ಮಾತ್ರ ಈ ವೃತ್ತಿ ನಡೆಸಬಹುದು. ಮೀರಿದವರಿಗೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ 1,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ ಆಗಬಹುದು. ಫಲಕದಲ್ಲಿ ನಿಮ್ಮ ಪದವಿ ಮತ್ತು ನೋಂದಣಿ ಸಂಖ್ಯೆ ಎರಡೂ ಇರಲಿ. ನಮ್ಮ ಕಡೆ ಬಿಳಿ ಕೋಟು ಕಂಡವರನ್ನೆಲ್ಲ ಜನ ‘ಡಾಕ್ಟ್ರೇ’ ಎಂದೇ ಕರೆಯುತ್ತಾರೆ, ಅದನ್ನು ತಡೆಯಲಾಗದು. ಆದರೆ ನೀವು ಕಿವಿಯ ವೈದ್ಯರಲ್ಲ, ಔಷಧಿ ಬರೆಯುವುದಿಲ್ಲ, ಶ್ರವಣ ಪರೀಕ್ಷೆ ಮಾಡಿ ಸಾಧನ ಹೊಂದಿಸುವವರು ಎಂಬುದನ್ನು ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳಬೇಕು.

ಇನ್ನು ಪರೀಕ್ಷೆಯ ಕೋಣೆ. ಇದನ್ನು ಯಂತ್ರೋಪಕರಣದ ವಿಷಯವೆಂದು ಬದಿಗಿಡುವವರೇ ಹೆಚ್ಚು, ನನ್ನ ಅಭಿಪ್ರಾಯದಲ್ಲಿ ವೃತ್ತಿಧರ್ಮ ಶುರುವಾಗುವುದೇ ಇಲ್ಲಿಂದ. ನಾನು ವೃತ್ತಿಗೆ ಬಂದ ಹೊಸತರಲ್ಲಿ ತಗಡಿನ ಮಾಡಿನ ಕೋಣೆಯೊಂದರಲ್ಲಿ ಕುಳಿತು ಆಷಾಢದ ಮಳೆಯಲ್ಲಿ ಒಬ್ಬ ಅಡಿಕೆ ಬೆಳೆಗಾರರ ಕಿವಿ ಪರೀಕ್ಷಿಸಿದೆ. 250 ಮತ್ತು 500 ಹರ್ಟ್ಸ್‌ನ ತಗ್ಗು ಸ್ವರಗಳನ್ನು ಅವರು 45 ಡೆಸಿಬಲ್ ತಲುಪಿದ ಮೇಲಷ್ಟೇ ಗುರುತಿಸಿದರು. ನಾನು ಅದನ್ನೇ ನಂಬಿ ಸಾಧನದ ತಗ್ಗು ಸ್ವರಗಳನ್ನು ಏರಿಸಿಬಿಟ್ಟೆ. ತನ್ನ ಮಾತು ತನಗೇ ಹಂಡೆಯೊಳಗಿನಿಂದ ಬಂದಂತೆ ಕೇಳುತ್ತದೆ ಎಂದು ಅವರು ಎರಡು ಸಲ ಬಂದು ಹೇಳಿದರು. ದೀಪಾವಳಿಯ ಹೊತ್ತಿಗೆ ಮಳೆ ನಿಂತ ಮೇಲೆ ಮತ್ತೆ ಪರೀಕ್ಷಿಸಿದಾಗ ಅದೇ ಸ್ವರಗಳು 20 ಡೆಸಿಬಲ್‌ಗೆ ಕೇಳಿದವು. ತಪ್ಪು ಅವರ ಕಿವಿಯದ್ದಾಗಿರಲಿಲ್ಲ, ನನ್ನ ಮಾಡಿನದಾಗಿತ್ತು. ಅದನ್ನು ಅವರಿಗೆ ಹಾಗೆಯೇ ಹೇಳಿ ಹಣ ತೆಗೆದುಕೊಳ್ಳದೆ ಮರುಹೊಂದಿಕೆ ಮಾಡಿಕೊಟ್ಟೆ. ಹೇಳುವಾಗ ಬಾಯಿ ಒಣಗಿದ್ದು ನಿಜ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಸದ್ದು ಕೋಣೆಯೊಳಗೆ ಬರುತ್ತಿದ್ದರೆ ಪರೀಕ್ಷೆಯನ್ನು ನಿಲ್ಲಿಸಿ ಮಳೆ ಹೊಳವಾಗುವವರೆಗೆ ಕಾಯಿರಿ. ಕಾಯಲಾಗದಿದ್ದರೆ, ಹೊರಗಿನ ಸದ್ದು ಇತ್ತೆಂದು ವರದಿಯಲ್ಲೇ ಬರೆದು, ಮತ್ತೊಮ್ಮೆ ಪರೀಕ್ಷಿಸುವವರೆಗೆ ಮಾರಾಟ ಮಾಡಬೇಡಿ. ಕಿವಿ ಪರೀಕ್ಷಿಸುವ ಯಂತ್ರವಾದ ಆಡಿಯೋಮೀಟರನ್ನು, ಅದರ ಅಳತೆ ಸರಿಯಿದೆಯೇ ಎಂದು ನೋಡಿ ಸರಿಪಡಿಸಲು ವರ್ಷಕ್ಕೊಮ್ಮೆ ಕಳಿಸಿರಿ. ಎರಡು ಕಿವಿಗಳ ನಡುವೆ 40 ಡೆಸಿಬಲ್ ಅಥವಾ ಹೆಚ್ಚಿನ ಅಂತರವಿದ್ದಾಗ ಒಳ್ಳೆಯ ಕಿವಿಗೆ ಮಾಸ್ಕಿಂಗ್ ಸದ್ದು (ಪರೀಕ್ಷೆಯ ಸ್ವರ ಆ ಕಿವಿಗೆ ಕೇಳದಂತೆ ಮರೆಮಾಡುವ ಸದ್ದು) ಕೊಡದೆ ಕೆಟ್ಟ ಕಿವಿಯ ಅಂಕಿ ಬರೆದರೆ, ಆ ಅಂಕಿ ಒಳ್ಳೆಯ ಕಿವಿಯದ್ದೇ ಆಗಿರಬಹುದು; ಸಮಯವಿಲ್ಲವೆಂದು ಇದನ್ನು ಬಿಡುವುದು ಸುಳ್ಳು ವರದಿ ಬರೆದಷ್ಟೇ ತಪ್ಪು.

ಭಾಷೆಯೂ ಪರೀಕ್ಷೆಯ ಭಾಗವೇ. ಕಾರವಾರದ ಕೊಂಕಣಿ ಮಾತಿನ ಮೀನುಗಾರರಿಗೆ, ಭಟ್ಕಳದ ನವಾಯತಿ ಮಾತಿನ ತಾಯಿಗೆ, ಮುಂಡಗೋಡಿನ ಟಿಬೆಟನ್ ಹಿರಿಯರಿಗೆ ಕನ್ನಡದ ಪದಪಟ್ಟಿ ಓದಿ ಅಂಕ ಕೊಟ್ಟರೆ ಅದು ಕಿವಿಯ ಅಂಕವಾಗುವುದಿಲ್ಲ, ಭಾಷೆಯ ಅಂಕವಾಗುತ್ತದೆ. ಆ ಭಾಷೆಯ ಪಟ್ಟಿ ನಿಮ್ಮಲ್ಲಿ ಇಲ್ಲದಿದ್ದರೆ ಮಾತಿನ ಪರೀಕ್ಷೆ ಮಾಡಲಾಗಲಿಲ್ಲ ಎಂದು ಬರೆಯಿರಿ.

ಸಾಧನದ ಮಾತೆತ್ತುವ ಮೊದಲೇ ವೈದ್ಯರಲ್ಲಿಗೆ ಕಳಿಸಬೇಕಾದವರನ್ನು ಗುರುತಿಸಲು ಕಲಿಯಿರಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1977ರಲ್ಲಿ ಇಂಥ ಎಚ್ಚರಿಕೆಯ ಲಕ್ಷಣಗಳ ಪಟ್ಟಿಯೊಂದನ್ನು ಮಾಡಿತ್ತು, ಅದರ ಸಾರ ನಮಗೂ ಒಪ್ಪುತ್ತದೆ: ಕಳೆದ 90 ದಿನಗಳಲ್ಲಿ ಕಿವಿ ಸೋರಿದ್ದು, ಹಠಾತ್ತಾಗಿ ಅಥವಾ ಬೇಗ ಬೇಗ ಕೇಳುವುದು ಕಡಿಮೆಯಾದದ್ದು, ತಲೆಸುತ್ತು, ಒಂದೇ ಕಿವಿಯಲ್ಲಿ ಹೊಸದಾಗಿ ಬಂದ ಮಂದತೆ, ನೋವು, ಗುಗ್ಗೆ ಕಟ್ಟಿಕೊಂಡಿರುವುದು, ಗಾಳಿಯ ಮೂಲಕದ ಮತ್ತು ಎಲುಬಿನ ಮೂಲಕದ ಪರೀಕ್ಷೆಗಳ ನಡುವೆ 15 ಡೆಸಿಬಲ್ ಅಥವಾ ಹೆಚ್ಚಿನ ಅಂತರ. ಇವುಗಳಲ್ಲಿ ಹಠಾತ್ ನಷ್ಟಕ್ಕೆ ಗಡಿಯಾರ ಓಡುತ್ತಿರುತ್ತದೆ. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರಗಳಲ್ಲಿ ಆರಂಭವಾದರೆ ಫಲದ ಸಾಧ್ಯತೆ ಹೆಚ್ಚು. ‘ನಿನ್ನೆ ರಾತ್ರಿ ಮಲಗುವಾಗ ಸರಿ ಇತ್ತು, ಬೆಳಿಗ್ಗೆ ಎದ್ದರೆ ಒಂದು ಕಿವಿ ಇಲ್ಲ’ ಎಂದು ಬಂದವರಿಗೆ ಸಾಧನದ ಬೆಲೆಪಟ್ಟಿ ತೋರಿಸುವುದು ಅಕ್ಷಮ್ಯ. ಹತ್ತಿರದ ಕಿವಿ-ಮೂಗು-ಗಂಟಲು ತಜ್ಞರಿಗೆ, ಕರಾವಳಿಯವರಾದರೆ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಅದೇ ದಿನ ಚೀಟಿ ಬರೆದು ಕಳಿಸಿರಿ. ಮಗುವಿನ ವಿಷಯದಲ್ಲೂ ಇದೇ ಆತುರ ಬೇಕು: ಹುಟ್ಟಿದ 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ನಿರ್ಣಯ, 6 ತಿಂಗಳೊಳಗೆ ಸಾಧನ ಅಥವಾ ಚಿಕಿತ್ಸೆ ಎಂಬುದು ಒಪ್ಪಿತ ಕ್ರಮ. ‘ಹುಡುಗ ಮಾತಾಡುವುದು ನಿಧಾನ, ಅವನ ಅಪ್ಪನೂ ಹಾಗೇ ಇದ್ದ’ ಎಂಬ ಅಜ್ಜಿಯ ಸಮಾಧಾನಕ್ಕೆ ನೀವು ತಲೆಯಾಡಿಸಬಾರದು.

ಇನ್ನು ಮಾರಾಟ. ಇಲ್ಲಿ ನಮ್ಮ ಜಿಲ್ಲೆಗೇ ಒಗ್ಗಿದ ಒಂದು ಪ್ರಸಂಗವಿದೆ, ತಿಂಗಳಿಗೆ ಎರಡು ಬಾರಿಯಾದರೂ ಎದುರಾಗುತ್ತದೆ. ಅಪ್ಪ ತೋಟದ ಮನೆಯಲ್ಲಿ, ಮಗ ಬೆಂಗಳೂರಿನ ಕಂಪನಿಯಲ್ಲಿ. ಮಗ ಫೋನಿನಲ್ಲೇ ಹೇಳಿಬಿಡುತ್ತಾನೆ: ‘ಇರೋದ್ರಲ್ಲಿ ಒಳ್ಳೇದೇ ಹಾಕಿ, ದುಡ್ಡಿನ ಯೋಚನೆ ಬೇಡ.’ ಎದುರಿಗೆ ಕುಳಿತ ಅಪ್ಪನನ್ನು ಯಾರೂ ಏನೂ ಕೇಳಿರುವುದಿಲ್ಲ. ಇಂಥ ವೇಳೆಯಲ್ಲಿ ಫೋನನ್ನು ಕೆಳಗಿಟ್ಟು, ಹಿರಿಯರ ಮುಖಕ್ಕೆ ಮುಖ ಕೊಟ್ಟು, ಕೇಳದಿದ್ದರೆ ದೊಡ್ಡ ಅಕ್ಷರದಲ್ಲಿ ಬರೆದು ಕೇಳಿರಿ: ‘ಹೆಗಡೆಯವರೇ, ನಿಮಗೆ ಎಲ್ಲಿ, ಯಾರ ಮಾತು ಕೇಳಬೇಕಾಗಿದೆ?’ ಒಬ್ಬರು ನನಗೆ ಕೊಟ್ಟ ಉತ್ತರ ಇದು: ‘ತಮಾ, ಶಬ್ದ ಕೇಳ್ತು, ಮಾತು ತಿಳಿತಿಲ್ಲೆ.’ ಮುಂದೆ ವಿಚಾರಿಸಿದಾಗ ಅವರಿಗೆ ಬೇಕಾದದ್ದು ಸಂಜೆ ಮೊಮ್ಮಗಳ ಫೋನು ಮತ್ತು ಊರ ದೇವಸ್ಥಾನದ ತಾಳಮದ್ದಲೆಯ ಅರ್ಥ, ಇವೆರಡೇ ಎಂದು ತಿಳಿಯಿತು. ಮನೆಯಲ್ಲಿ ಇಬ್ಬರೇ ಇರುವವರಿಗೆ, ಗದ್ದಲದ ಸಭೆಗಳಿಗಾಗಿ ಮಾಡಿದ ಅತಿ ದುಬಾರಿ ಮಾದರಿಯಿಂದ ಆಗುವ ಹೆಚ್ಚಿನ ಲಾಭ ಅತ್ಯಲ್ಪ. ದೂರ ಕುಳಿತ ಅರ್ಥಧಾರಿಯ ಮಾತಿಗೆ ಸಾಧನದ ಚಾನೆಲುಗಳ (ಸದ್ದನ್ನು ಬೇರೆ ಬೇರೆಯಾಗಿ ಹೊಂದಿಸುವ ಸ್ವರಪಟ್ಟಿಗಳ) ಸಂಖ್ಯೆಗಿಂತ ಮುಂದಿನ ಸಾಲಿನ ಜಾಗವೋ, ಅವರ ಮುಂದಿಡುವ ಪ್ರತ್ಯೇಕ ಮೈಕೋ ಹೆಚ್ಚು ನೆರವಾಗುತ್ತದೆ. ಇದನ್ನು ಅಪ್ಪನಿಗೂ ಮಗನಿಗೂ ಒಂದೇ ಮಾತಿನಲ್ಲಿ ಹೇಳಿರಿ. ಮಗನಿಗೆ ಬೇಸರವಾಗಬಹುದು, ಏಕೆಂದರೆ ದೂರವಿರುವ ಅಳುಕನ್ನು ಹಣದಿಂದ ತೀರಿಸಿಕೊಳ್ಳುವ ಆಸೆ ಅವನಿಗಿರುತ್ತದೆ. ಆ ಅಳುಕನ್ನು ಬಂಡವಾಳ ಮಾಡಿಕೊಳ್ಳುವುದು ನಮ್ಮ ಕೆಲಸವಲ್ಲ.

ಬೆಲೆ ಹೇಳುವಾಗ ಕನಿಷ್ಠ ಮೂರು ಮಟ್ಟದ ಸಾಧನಗಳನ್ನು ಮೇಜಿನ ಮೇಲಿಡಿ, ಅಗ್ಗದ್ದನ್ನು ಮೊದಲು ಕಿವಿಗೆ ಹಾಕಿ ತೋರಿಸಿ. ಪರೀಕ್ಷೆಯ ಶುಲ್ಕ, ಸಾಧನದ ಬೆಲೆ, ಕಿವಿಯ ಅಚ್ಚಿನ ಬೆಲೆ, ಮುಂದಿನ ಸೇವೆಯ ಶುಲ್ಕ ಇವನ್ನು ಬಿಲ್ಲಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ. ಅದರ ಹೆಸರಿನಲ್ಲಿ ಒಂದು ರೂಪಾಯಿ ಸೇರಿಸಿದರೂ ಅದು ಮೋಸ. ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳಲ್ಲಿ 60 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ನಷ್ಟವಿದ್ದವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಕಡಿಮೆ ವರಮಾನದವರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಾಧನ ಉಚಿತವಾಗಿ ಸಿಗಬಹುದು. ಈ ಮಾಹಿತಿಯನ್ನು ಹಣ ಪಡೆಯುವ ಮೊದಲು ಕೊಡಬೇಕು. ಮಾರಿದ ಮೇಲೆ ಹೇಳಿದರೆ ಅದು ಮಾಹಿತಿಯಾಗುವುದಿಲ್ಲ, ಗಾಯದ ಮೇಲೆ ಉಪ್ಪಾಗುತ್ತದೆ.

ನಿಶ್ಶಬ್ದವಾದ ಕೋಣೆಯಲ್ಲಿ ಯಾವ ಸಾಧನವೂ ಚೆನ್ನಾಗಿಯೇ ಕೇಳಿಸುತ್ತದೆ. ಆದ್ದರಿಂದ ಒಂದು ವಾರವಾದರೂ ಮನೆಗೆ ಕೊಟ್ಟು ಕಳಿಸಿರಿ, ಅಡುಗೆಮನೆ, ಬಸ್ಸು, ಅಡಿಕೆ ಸುಲಿಯುವ ಚಪ್ಪರ, ಮೀನು ಮಾರುಕಟ್ಟೆ ಎಲ್ಲ ಕಡೆ ಹಾಕಿಕೊಂಡು ಬರಲಿ. ‘ಮೊದಲಿನ ಹಾಗೇ ಕೇಳುತ್ತದೆ’ ಎಂದು ಎಂದೂ ಹೇಳಬೇಡಿ. ಮಿದುಳು ಹೊಸ ಸದ್ದಿಗೆ ಹೊಂದಿಕೊಳ್ಳಲು ವಾರಗಳು ಹಿಡಿಯುತ್ತವೆ, ಗದ್ದಲದಲ್ಲಿ ಕಷ್ಟ ಉಳಿಯುತ್ತದೆ. ಶಿಬಿರಗಳಲ್ಲಿ ಪರೀಕ್ಷೆಯ ದಿನವೇ ಮಾರಾಟ ಬೇಡ. ಕಳಿಸಿಕೊಟ್ಟ ವೈದ್ಯರಿಗೆ ಕಮಿಷನ್ ಕೊಡಬೇಡಿ. 2002ರ ವೈದ್ಯರ ನಡವಳಿಕೆಯ ನಿಯಮಗಳು ಅವರಿಗೂ ಅದನ್ನು ನಿಷೇಧಿಸಿವೆ, ಕೇಳಿದವರಿಗೆ ನಯವಾಗಿ ಅದನ್ನೇ ನೆನಪಿಸಿರಿ.

ನಮ್ಮ ಹವೆ ಸಾಧನಗಳ ಶತ್ರು. ಮಳೆಗಾಲದ ತೇವವೂ ಕಡಲಿನ ಉಪ್ಪುಗಾಳಿಯೂ ಬೆವರೂ ಸೇರಿ ಕೊಳವೆಯಲ್ಲಿ ನೀರು ಕಟ್ಟುತ್ತವೆ, ಒಳಗಿನ ಭಾಗಗಳಿಗೆ ತುಕ್ಕು ಹಿಡಿಸುತ್ತವೆ. ದೋಣಿಗೆ ಹೋಗುವವರಿಗೆ ಕಿವಿಯೊಳಗೆ ಅಡಗುವ ಚಿಕ್ಕ ಸಾಧನ ಅಂದವೆಂದು ಮಾರದೆ ಕಿವಿಯ ಹಿಂದೆ ಕೂರುವುದನ್ನು ಸೂಚಿಸಿರಿ, ತೇವ ಹೀರುವ ಸಿಲಿಕಾದ ಡಬ್ಬಿಯನ್ನು ಜೊತೆಗೇ ಕೊಡಿ. ವಾರಗಟ್ಟಲೆ ಕರೆಂಟು ಹೋಗುವ ಮನೆಗೆ ಚಾರ್ಜ್ ಮಾಡುವ ಮಾದರಿ ಒಗ್ಗುವುದಿಲ್ಲ. ಬಿಲ್ಲೆಯಂಥ ಬ್ಯಾಟರಿಯನ್ನು ಮೊಮ್ಮಕ್ಕಳು ನುಂಗುವ ಅಪಾಯವನ್ನು ಪ್ರತಿ ಮನೆಗೂ ಹೇಳಿರಿ.

ಗುಟ್ಟು ಕಾಯುವುದು ಸಣ್ಣ ಊರಿನಲ್ಲಿ ಎಲ್ಲಕ್ಕಿಂತ ಕಷ್ಟ. ಮದುವೆಯ ವಯಸ್ಸಿಗೆ ಬಂದ ಹುಡುಗಿ ನಿಮ್ಮ ಮೆಟ್ಟಿಲು ಹತ್ತಿದ್ದು ಜಾತ್ರೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತದೆ, ಗೊತ್ತುಮಾಡುವವರು ನೀವಾಗಬಾರದು. ವರನ ಕಡೆಯವರು ‘ಸುಮ್ಮನೆ ವಿಚಾರಿಸುತ್ತಿದ್ದೇವೆ’ ಎಂದು ಫೋನು ಮಾಡಿದರೆ, ಬಂದಿದ್ದರೂ ಬಂದಿರದಿದ್ದರೂ ಯಾರ ವಿಷಯವನ್ನೂ ಹೇಳುವುದಿಲ್ಲ ಎಂಬ ಒಂದೇ ಉತ್ತರವಿರಲಿ. ಸಾಧನ ಹಾಕಿಕೊಂಡು ನಗುತ್ತಿರುವ ಅಜ್ಜಿಯ ಫೋಟೋವನ್ನು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕುವ ಚಾಳಿ ಈಗ ಎಲ್ಲೆಡೆ ಇದೆ. ಅಜ್ಜಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯದೆ ಹಾಕಬೇಡಿ, ಸಾಧ್ಯವಾದರೆ ಪಡೆದರೂ ಹಾಕಬೇಡಿ.

ಕೊನೆಯದಾಗಿ, ಊರು ಬಿಡುವ ದಿನದ ಸಿದ್ಧತೆಯನ್ನು ಕೇಂದ್ರ ತೆರೆದ ದಿನವೇ ಮಾಡಿಕೊಳ್ಳಿ. ಕೆಲವು ಸಾಧನಗಳನ್ನು ಮಾರಿದವರ ತಂತ್ರಾಂಶದಿಂದ ಮಾತ್ರ ತೆರೆಯುವಂತೆ ಬೀಗ ಹಾಕಿರುತ್ತಾರೆ. ಅಂಥವನ್ನು ಮಾರುವುದಾದರೆ ಆ ವಿಷಯವನ್ನು ಮೊದಲೇ ತಿಳಿಸಬೇಕು. ಪ್ರತಿಯೊಬ್ಬರಿಗೂ ಒಂದು ದಪ್ಪ ಕಾಗದದ ಚೀಟಿ ಕೊಡಿ. ಅದರಲ್ಲಿ ಅವರ ಆಡಿಯೋಗ್ರಾಮಿನ (ಶ್ರವಣ ಪರೀಕ್ಷೆಯ ನಕ್ಷೆಯ) ಪ್ರತಿ, ಸಾಧನದ ಮಾದರಿ ಮತ್ತು ಕ್ರಮಾಂಕ, ಬ್ಯಾಟರಿಯ ಅಳತೆ, ಕೊನೆಯ ಹೊಂದಿಕೆಯ ದಿನಾಂಕ, ನೀವು ಇಲ್ಲದಾಗ ಆ ಸಾಧನವನ್ನು ತೆರೆಯಬಲ್ಲ ಇನ್ನೊಬ್ಬರ ಹೆಸರು ಮತ್ತು ಊರು ಇರಲಿ. ಮಳೆಗಾಲದಲ್ಲಿ ಒದ್ದೆಯಾಗದಂತೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಪಡಿತರ ಚೀಟಿಯ ಜೊತೆಗೇ ಇಟ್ಟುಕೊಳ್ಳಲು ಹೇಳಿರಿ.