ನಲಿಕಲಿ ಕೊಠಡಿಯನ್ನೇ ಕ್ಯಾಮೆರಾ ಮಾಡಿದ್ದು: ನನ್ನ ಅನುಭವ

ಸೂಜಿರಂಧ್ರ ಬಿಂಬಗ್ರಾಹಿ (ಪಿನ್‌ಹೋಲ್ ಕ್ಯಾಮೆರಾ) ಆರನೇ ತರಗತಿಯ ಪಾಠ, ನಲಿಕಲಿಯಲ್ಲಿ ಒಟ್ಟಿಗೆ ಕೂತು ಕಲಿಯುವ ಒಂದು-ಎರಡು-ಮೂರರ ಮಕ್ಕಳಿಗೆ ಅದರ ಗೊಡವೆ ಯಾಕೆ ಅಂತ ಸುತ್ತಲ ಶಾಲೆಗಳ ಶಿಕ್ಷಕರ ಕ್ಲಸ್ಟರ್ ಸಭೆಯಲ್ಲಿ ನಕ್ಕವರೇ ಹೆಚ್ಚು. ಈ ಸಲ, ಮರ ನಮಗೆ ಹೇಗೆ ಕಾಣುತ್ತದೆ ಅಂತ ಚಿತ್ರ ಬರೆಸಿದಾಗ, 28 ಮಕ್ಕಳಲ್ಲಿ ಇಪ್ಪತ್ತಕ್ಕೂ ಮೇಲ್ಪಟ್ಟು ಮಕ್ಕಳು ಮರದಿಂದ ಕಣ್ಣಿಗೆ ಬಾಣದ ಗುರುತು ಹಾಕಿದ್ದಾರೆ. ಶುರುವಿನಲ್ಲಿ ಬಹುತೇಕ ಎಲ್ಲರೂ ಹಾಕಿದ್ದು ಕಣ್ಣಿಂದ ಮರಕ್ಕೆ. ಈ ವಯಸ್ಸಿನವರಿಗೆ ನೋಡೋದು ಅಂದರೆ ಕಣ್ಣಿಂದ ಏನೋ ಹೊರಟು ಹೋಗಿ ವಸ್ತುವನ್ನು ಮುಟ್ಟುವುದು. ಬಾಯಲ್ಲಿ ಎಷ್ಟು ಹೇಳಿದರೂ ಅದು ಕದಲಲ್ಲ. ಕದಲಿಸಿದ್ದು ಕತ್ತಲೆ. ಎಲ್ಲರೂ ಪ್ರಿಸಂ, ಲೆನ್ಸ್ ಅಂತ ದುಡ್ಡು ಹಾಕುತ್ತಾರೆ, ನಾನು ಹಾಕಿದ್ದು ಕತ್ತಲೆಗೆ.

ಮೊದಲ ವಾರ ಏನೂ ಕೊಳ್ಳಬೇಕಿಲ್ಲ. ಹೆಂಚಿನ ಕೊಠಡಿ ಇದ್ದವರಿಗೆ ಸಂದಿಯಿಂದ ನೆಲಕ್ಕೆ ಬೀಳುವ ಬೆಳಕಿನ ಬಿಲ್ಲೆಗಳೇ ಸಾಕು. ಸಂದಿ ಸೀಳಾಗಿರಲಿ ಮುಕ್ಕಾಗಿರಲಿ, ಕಿರಿದಾಗಿದ್ದರೆ ಬಿಲ್ಲೆ ಮಾತ್ರ ದುಂಡಗೇ ಬೀಳುತ್ತದೆ, ಬಿಸಿಲು ಓರೆಯಾಗಿದ್ದರೆ ಮೊಟ್ಟೆಯಾಕಾರ. ಅದು ಸೂರ್ಯನ ಚಿತ್ರ. ಮೀಟರಿಗೆ ಹತ್ತಿರ ಹತ್ತಿರ 9 ಮಿ.ಮೀ. ಲೆಕ್ಕ, ನಾಲ್ಕು ಮೀಟರ್ ಮೇಲಿನ ಸಂದಿಯಾದರೆ ಮೂರೂಮುಕ್ಕಾಲು ಸೆಂ.ಮೀ. ಮಕ್ಕಳು ಬಳಪದಲ್ಲಿ ಸುತ್ತ ಗೆರೆ ಎಳೆಯಲಿ. ಎರಡು ನಿಮಿಷ ಕಳೆಯುವಷ್ಟರಲ್ಲಿ ಬಿಲ್ಲೆ ಹೆಚ್ಚುಕಡಿಮೆ ತನ್ನ ಅಗಲದಷ್ಟು ಸರಿದು ಗೆರೆಯಿಂದಾಚೆ ಹೋಗಿರುತ್ತದೆ. "ಯಾರು ತಳ್ಳಿದ್ದು?" ಅಂತ ಜಗಳ ಶುರುವಾಗುತ್ತದೆ, ಬಿಡಿಸಬೇಡಿ. 2019ರ ಡಿಸೆಂಬರ್ 26ರ ಗ್ರಹಣದ ಹೊತ್ತಿಗೆ ಮರದಡಿಯ ಬಿಲ್ಲೆಗಳೆಲ್ಲ ಕುಡುಗೋಲಿನಂತಾಗಿದ್ದವಲ್ಲ, ಕಾರಣ ಇದೇ.

ನಡುವೆ ಅಂಗೈ ಅಡ್ಡ ಹಿಡಿದರೆ ಬಿಲ್ಲೆ ಅಂಗೈಗೆ ಬರುತ್ತದೆ, ನೆಲದಲ್ಲಿ ಇರಲ್ಲ. ಬೆಳಕು ದಾರಿಯಲ್ಲಿ ಬರುತ್ತಿದೆ ಅಂತ ಅವರೇ ಕಂಡುಕೊಳ್ಳುವುದು ಇಲ್ಲಿ. ದಾರಿ ಕಾಣಬೇಕೆಂದರೆ ಡಸ್ಟರ್ ಕೊಡವಿದರೂ ಸಾಕು, ಊದುಬತ್ತಿ ಹೊಗೆಯಾದರೆ ಚೆಂದ. ಒಂದೇ ಕಡ್ಡಿ ಹಚ್ಚಿ. ನಾಲ್ಕು ಹಚ್ಚಿದರೆ ಕೋಣೆಯೆಲ್ಲ ಮಬ್ಬಾಗುತ್ತದೆ, ಕೆಮ್ಮೂ ಶುರು.

ಇನ್ನು ಕತ್ತಲೆ ಕೋಣೆ. ಕೊಠಡಿಯನ್ನೆಲ್ಲ ಮುಚ್ಚಿ ಒಂದು ಸಣ್ಣ ತೂತು ಬಿಟ್ಟರೆ ಹೊರಗಿನ ಅಂಗಳ ಒಳಗೆ ಚಿತ್ರವಾಗಿ ಬೀಳುತ್ತದೆ. ಇದಕ್ಕೆ ಹೆಂಚಿನ ಕೊಠಡಿ ಬೇಡ, ಆರ್‌ಸಿಸಿ ಕೊಠಡಿಯೇ ಆಗಬೇಕು. ಮೊದಲು ಕಿಟಕಿಗೆ ನ್ಯೂಸ್‌ಪೇಪರ್ ಮೂರು ಪದರ ಮೈದಾ ಅಂಟಿನಲ್ಲಿ ಹಚ್ಚಿದ್ದು. ಬೆಳಕು ಸೋಸಿಕೊಂಡು ಬಂತು, ಮೂರನೇ ದಿನಕ್ಕೆ ಜೋತಾಡಿತು. ಆಮೇಲೆ ಕಪ್ಪು ಡ್ರಾಯಿಂಗ್ ಶೀಟ್, ನಾಲ್ಕು ಕಿಟಕಿಗೆ ಇಪ್ಪತ್ತು-ಇಪ್ಪತ್ತೆರಡು ಹಾಳೆ, ಇನ್ನೂರೈವತ್ತು ರೂಪಾಯಿ ಮೇಲೇ ಹೋಯಿತು. ತೇವಕ್ಕೆ ಸೊಟ್ಟಗಾಗಿ ಅಂಚಿನಲ್ಲೆಲ್ಲ ಬೆಳಕು. ನೀಲಿ ಟಾರ್ಪಾಲು ಕಟ್ಟಿದರೆ ಕೋಣೆಯೇ ನೀಲಿಯಾಯಿತು. ಸೆಲ್ಲೋಟೇಪು ಸುಣ್ಣದ ಗೋಡೆಗೆ ನಿಲ್ಲಲ್ಲ, ಸುಣ್ಣದ ಸಮೇತ ಕಿತ್ತು ಬರುತ್ತದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಟೊಮೆಟೊ ತೋಟದ ಮಲ್ಚಿಂಗ್ ಶೀಟ್, ಅಂದರೆ ಸಾಲಿನ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ. ನಮ್ಮ ಚಿಕ್ಕಬಳ್ಳಾಪುರ-ಕೋಲಾರದ ಕಡೆ ಯಾವ ತೋಟದಲ್ಲಿ ಕೇಳಿದರೂ ಉಳಿದ ತುಂಡು ಸಿಗುತ್ತದೆ. ನಾಲ್ಕಡಿ ಅಗಲ, ಒಂದು ಕಡೆ ಕಪ್ಪು, ಒಂದು ಕಡೆ ಬೆಳ್ಳಿ. ಬೆಳ್ಳಿ ಹೊರಗಿರಲಿ, ಒಳಗೆ ಕಾವು ಕಡಿಮೆ. 25-30 ಮೈಕ್ರಾನಿನದು ಒಂದೇ ಪದರ ಸಾಲದು, ಬಿಸಿಲಿಗೆ ಹಿಡಿದರೆ ಸೂಜಿಮೊನೆಯಂಥ ಚುಕ್ಕಿ ಕಾಣುತ್ತವೆ, ಮಡಚಿ ಎರಡು ಪದರ ಮಾಡಿ. ಮರದ ರೀಪರ್ ಪಟ್ಟಿಯಿಂದ ಕಿಟಕಿ ಚೌಕಟ್ಟಿಗೆ ಒತ್ತಿ ಮೊಳೆ ಹೊಡೆಯಬೇಕು. ಬಾಗಿಲಡಿಗೆ ಗೋಣಿಚೀಲ. ವೆಂಟಿಲೇಟರ್ ಮರೆಯುವವರೇ ಜಾಸ್ತಿ, ಅದೊಂದೇ ಸಾಕು ಎಲ್ಲ ಕೆಡಿಸಲು. ಬಳಸಿದ ಶೀಟು ತಂದರೆ ಸಸಿ ನೆಟ್ಟ ತೂತುಗಳಿರುತ್ತವೆ. ಅದನ್ನೂ ಬಿಡಲಿಲ್ಲ: ತೂತುಗಳಿಗೆ ರಟ್ಟು ಅಂಟಿಸಿ ರಟ್ಟಿಗೊಂದು ಸಣ್ಣ ತೂತು ಮಾಡಿದರೆ ಒಂದೇ ಮರ ಗೋಡೆಯ ಮೇಲೆ ಆರು ಕಡೆ ಬೀಳುತ್ತದೆ. ಒಂದೊಂದೇ ಮುಚ್ಚಿದರೆ ಒಂದೊಂದೇ ಮರ ಮಾಯ.

ಚಿತ್ರದ ತೂತಿಗೆ ಪಡುವಣ ಕಿಟಕಿ, ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೊಂದರೊಳಗೆ. ಬಿಸಿಲು ಅಂಗಳದ ಮೇಲಿರಬೇಕು, ತೂತಿನ ಮೇಲಲ್ಲ. ಶೀಟಿನಲ್ಲಿ ಐದು ಸೆಂ.ಮೀ. ಕಿಂಡಿ ಕೊಯ್ದು, ಅದರ ಮೇಲೆ ಬದಲಿಸಬಹುದಾದ ರಟ್ಟಿನ ಬಿಲ್ಲೆ. ಪೆನ್ಸಿಲ್ ದಪ್ಪದ 7 ಮಿ.ಮೀ. ತೂತಿಗೆ ಚಿತ್ರ ಚೂಪು, ಆದರೆ ಮಕ್ಕಳು "ಏನೂ ಇಲ್ಲ ಮಿಸ್" ಅಂದುಬಿಡುತ್ತಾರೆ. ಒಂದು ರೂಪಾಯಿ ನಾಣ್ಯದಷ್ಟಾದರೆ ಬೆಳಕು ಹೆಚ್ಚು, ಚಿತ್ರ ಕಲಸಿದಂತೆ. 12 ಮಿ.ಮೀ.ಗೆ ನಿಂತೆ. ಒಂದು ಮೀಟರ್ ದೂರದಲ್ಲಿ ಬಿಳಿ ಪಂಚೆ, ಇಸ್ತ್ರಿ ಮಾಡಿದ್ದು. ಐದು ಮೀಟರ್ ಆಚೆ ನಿಂತ ಮಗು ಪಂಚೆಯ ಮೇಲೆ ಒಂದು ಗೇಣು ಬರುತ್ತದೆ, ತಲೆಕೆಳಗಾಗಿ. ಯೂನಿಫಾರ್ಮಿನ ಬಣ್ಣ ಏಳಲ್ಲ. ಕೆಂಪು ಬಕೆಟ್ ಹಿಡಿಸಿ, ಇಲ್ಲವೇ ಊಟದ ಸ್ಟೀಲ್ ತಟ್ಟೆಯನ್ನು ಬಿಸಿಲಿಗೆ ತಿರುಗಿಸಲು ಹೇಳಿ, ಪಂಚೆಯ ಮೇಲೆ ಫಳಕ್ಕನೆ ಹೊಳೆಯುತ್ತದೆ.

ಕಣ್ಣು ಕತ್ತಲೆಗೆ ಒಗ್ಗಲು ಐದು ನಿಮಿಷವಾದರೂ ಬೇಕು. ಎಲ್ಲರೂ ಸೋಲುವುದು ಇಲ್ಲೇ: ಒಂದು ಮಗು ಅಳುತ್ತದೆ, ಇನ್ನೊಂದು ಬಾಗಿಲು ತೆಗೆಯುತ್ತದೆ, ಮತ್ತೆ ಐದು ನಿಮಿಷ. ಕಿಟಕಿ ಒಂದೊಂದಾಗಿ ಮುಚ್ಚಿ, ಒಟ್ಟಿಗೆ ಬೇಡ. ಆ ಐದು ನಿಮಿಷ 28 ಮಕ್ಕಳನ್ನು ಹೇಗೆ ಕೂರಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದರಲ್ಲಿ ಒಂದು ಡಬ್ಬ ಕಡಲೆಪುರಿ ಇದೆ ಅಂತಷ್ಟೇ ತಿಳಿದುಕೊಳ್ಳಿ.

ತಲೆಕೆಳಗು ಯಾಕೆ ಅನ್ನೋದಕ್ಕೆ ಎರಡು ದಾರ. ಹೊರಗಿನ ಮಗುವಿನ ತಲೆಯಿಂದ ಕೆಂಪು, ಪಾದದಿಂದ ನೀಲಿ, ಎರಡನ್ನೂ ತೂತಿನಲ್ಲಿ ತೂರಿಸಿ ಬಿಗಿಯಾಗಿ ಎಳೆದು ಪಂಚೆಗೆ ಮುಟ್ಟಿಸಿ. ಕೆಂಪು ಕೆಳಗೆ, ನೀಲಿ ಮೇಲೆ. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದೂ ಇದೇ ಲೆಕ್ಕ, ಅಲ್ಲಿ ಪವಾಡ ಹುಡುಕುವವರಿಗೂ ಎರಡು ದಾರ ಕೊಡಬಹುದು.

ಒಂದು ಅಡ್ಡದಾರಿ ಪ್ರಯೋಗ: ಸಂತೆಯಲ್ಲಿ ನೂರು ರೂಪಾಯಿಗೆ ಸಿಗುವ +1.00 ಓದುವ ಕನ್ನಡಕದ ಗಾಜನ್ನು ತೂತಿಗೆ ಕೂರಿಸಿದರೆ ತೂತನ್ನು ಮೂರು ಸೆಂ.ಮೀ.ವರೆಗೆ ಹಿಗ್ಗಿಸಬಹುದು. ದೂರದ ಮರ ಒಂದು ಮೀಟರಿಗೆ ಚೂಪು, ಐದು ಮೀಟರಿನ ಮಗುವಿಗೆ ಪಂಚೆಯನ್ನು ಒಂದೂಕಾಲು ಮೀಟರಿಗೆ ಸರಿಸಬೇಕು. ಬಣ್ಣ ನೋಡಿದರೆ ಸಿನಿಮಾ. ಆದರೆ ಇದನ್ನು ಕೊನೆಯ ದಿನವೇ ತೋರಿಸಿ. ಮೊದಲೇ ತೋರಿಸಿದರೆ ಎಲ್ಲ ಗಾಜಿನ ಕೈಚಳಕ ಅಂದುಕೊಳ್ಳುತ್ತಾರೆ, ತೂತಿನ ಮರ್ಯಾದೆ ಹೋಗುತ್ತದೆ.

ಮಕ್ಕಳ ಕೈಗೊಂದು ಸಣ್ಣ ಬಿಂಬಗ್ರಾಹಿ ಪೆಟ್ಟಿಗೆ ಮಾಡಿಸುವಾಗ ಕಪ್ಪು ಶೀಟಿನ ಎರಡು ಕೊಳವೆ, ಒಂದರೊಳಗೊಂದು, ಪರದೆಗೆ ಬಟರ್ ಪೇಪರ್, ತೂತು ಮಾಡುವ ತುದಿಗೆ ಫಾಯಿಲ್. ಕೊಬ್ಬರಿ ಎಣ್ಣೆ ಸವರಿದ ನೋಟ್‌ಬುಕ್ ಹಾಳೆಯೂ ಆಗುತ್ತದೆ, ಎರಡೇ ದಿನಕ್ಕೆ ಧೂಳು ಮೆತ್ತುತ್ತದೆ. 15-20 ಸೆಂ.ಮೀ. ಉದ್ದಕ್ಕೆ ಅರ್ಧ ಮಿ.ಮೀ. ಮೇಲಿನ ತೂತು ಸರಿ, ಅಂದರೆ ಗುಂಡುಸೂಜಿ. ಮಕ್ಕಳು ಚುಚ್ಚಿ ಗಿರಗಿರ ತಿರುಗಿಸುವುದರಿಂದ ಫಾಯಿಲ್ ಹರಿಯುತ್ತದೆ. ಸೂಜಿಯ ತಲೆ ಕತ್ತರಿಸಿ, ಆ ತುದಿಯನ್ನು ಪೆನ್ಸಿಲ್ ಹಿಂಬದಿಯ ರಬ್ಬರಿಗೆ ಇಳಿಸಿ, ಮೊನೆ ನಾಲ್ಕು ಮಿ.ಮೀ. ಮಾತ್ರ ಹೊರಗಿರಲಿ. ಹಿಡಿಯೂ ಆಯಿತು, ತಡೆಯೂ ಆಯಿತು. ಪೆಟ್ಟಿಗೆಯನ್ನು ಸೂರ್ಯನ ಕಡೆ ಹಿಡಿಯಲು ಬಿಡಲೇಬೇಡಿ. ತಿರುಗಿಸಿ ತೂತಿಗೇ ಕಣ್ಣಿಡುವ ಒಬ್ಬ ಇದ್ದೇ ಇರುತ್ತಾನೆ.

ನೆರಳಿಗೆ ಮೊಬೈಲ್ ಟಾರ್ಚ್ ಸಾಕು, ಆದರೆ ಎರಡು ಎಲ್‌ಇಡಿ ಇರುವ ಮೊಬೈಲು ಜೋಡಿ ನೆರಳು ಕೊಡುತ್ತದೆ. ಒಂದನ್ನು ಬೆರಳಿಂದ ಮುಚ್ಚಿ. ಮಧ್ಯಾಹ್ನ ಸೂರ್ಯ ನೆತ್ತಿಗೆ ನೇರ ಬರುವ ನೆರಳಿಲ್ಲದ ದಿನ ನೋಡಿಸುವ ಆಸೆ ಇಟ್ಟುಕೊಳ್ಳಬೇಡಿ. ಬೆಂಗಳೂರಿಗೆ ಏಪ್ರಿಲ್ 24-25, ನಮಗೆ ಒಂದೆರಡು ದಿನ ಆಚೀಚೆ, ಆಗ ರಜೆ. ಇನ್ನೊಂದು ಆಗಸ್ಟ್ 18ರ ಆಸುಪಾಸು, ಆಗ ಮೋಡ. ಮೂರು ವರ್ಷದಲ್ಲಿ ಒಮ್ಮೆ ಸಿಕ್ಕಿದೆ.

ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯದ ಹಾಲು ಉಳಿದರೆ ಒಂದು ಲೀಟರ್ ನೀರಿಗೆ ಅರ್ಧ ಚಮಚ, ಬಟ್ಟೆಯಲ್ಲಿ ಸೋಸಿ. ಗಂಟು ಉಳಿದರೆ ಬರೀ ಬಿಳಿ. ಟಾರ್ಚ್ ಹಾಯಿಸಿದರೆ ಪಕ್ಕದಿಂದ ನಸುನೀಲಿ, ಎದುರಿಂದ ಕಿತ್ತಳೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಇದನ್ನೇ ರಾಮನ್ ಪರಿಣಾಮ ಅಂತ ತೋರಿಸುವವರಿದ್ದಾರೆ. ಅಲ್ಲ. ರಾಮನ್ 1928ರಲ್ಲಿ ಕಂಡದ್ದು ಚದುರುವಾಗ ಬೆಳಕಿನ ಬಣ್ಣವೇ ಬದಲಾಗುವುದನ್ನು. ಹಾಲಿನ ನೀರಿನಲ್ಲಿ ಬಣ್ಣ ಬದಲಾಗಲ್ಲ, ನೀಲಿ ಹೆಚ್ಚು ಚದುರುತ್ತದೆ ಅಷ್ಟೇ.

ಕೆಂಪು, ಹಸಿರು, ನೀಲಿ ಟಾರ್ಚ್ ಒಟ್ಟಿಗೆ ಹಾಯಿಸಿ ಬೀಳಿಸುವ ಬಣ್ಣದ ನೆರಳು ಮಾತ್ರ ಇನ್ನೂ ಕೈ ಹತ್ತಿಲ್ಲ. ಜಿಲೆಟಿನ್ ಪೇಪರಿನ ನೀಲಿ ಕೆಂಪನ್ನೂ ಬಿಡುತ್ತದೆ, ಹಾಗಾಗಿ ಕೆಂಪು ಟಾರ್ಚಿಗೆ ಕೈ ಅಡ್ಡ ಹಿಡಿದಾಗ ಬೀಳಬೇಕಾದ ಹಸಿರುನೀಲಿ ನೆರಳು ಮಾಸಲು.

ಒಟ್ಟು ಖರ್ಚು, ಸೋತದ್ದೆಲ್ಲ ಸೇರಿ, ಸಾವಿರದ ನಾನೂರರ ಹತ್ತಿರ. ಸೋತದ್ದು ಬಿಟ್ಟರೆ ಐನೂರರೊಳಗೆ: ರೀಪರ್, ಮೊಳೆ, ಫಾಯಿಲ್, ಬಟರ್ ಪೇಪರ್, ಕನ್ನಡಕ. ಶೀಟನ್ನು ಮಡಚಿ ಬೀರುವಿನಲ್ಲಿ ಇಡಬೇಡಿ, ಪಿವಿಸಿ ಪೈಪಿಗೆ ಸುತ್ತಿಡಿ. ಮಡಿಕೆ ಬಿದ್ದಲ್ಲೆಲ್ಲ ಸಣ್ಣ ತೂತಾಗಿ, ಮುಂದಿನ ವರ್ಷ ಗೋಡೆಯ ಮೇಲೆ ಅಂಗಳದ ಬದಲು ನಕ್ಷತ್ರ ಕಾಣುತ್ತವೆ.